ಒಂದೇ ಗೆರೆ ಬಂದರೆ ಮಲೇರಿಯಾ ಇಲ್ಲ ಅಂತಲೇ?

ಕಳೆದ ಮಳೆಗಾಲದಲ್ಲಿ ಮೇಗರವಳ್ಳಿಯ ಮನೆಗೆ ಹೋಗಿದ್ದೆ. ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಹೊತ್ತು. ಪಕ್ಕದ ತೋಟಕ್ಕೆ ಕೆಲಸಕ್ಕೆ ಬಂದಿದ್ದ ಹುಡುಗನೊಬ್ಬನಿಗೆ ಮೂರು ದಿನದಿಂದ ಜ್ವರ, ಚಳಿ, ನಡುಕ. ಅದಕ್ಕೂ ಮುಂಚೆ ಅವನು ಮಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದವನು. ಆಶಾ ಕಾರ್ಯಕರ್ತೆ ಬಂದು ಬೆರಳು ಚುಚ್ಚಿದರು, ಪ್ಲಾಸ್ಟಿಕ್ ಕಿಟ್‌ನ ಮೇಲೆ ಒಂದು ಹನಿ ರಕ್ತ ಹಾಕಿದರು, ದ್ರಾವಣ ಬಿಟ್ಟರು. ಇಪ್ಪತ್ತು ನಿಮಿಷ ಜಗಲಿಯಲ್ಲಿ ಕೂತು ಕಾದೆವು. ಒಂದೇ ಗೆರೆ ಮೂಡಿತು.

"ಮಲೇರಿಯಾ ಅಲ್ಲ ಮಾರಾಯ್ರೆ" ಅಂದರು ಅವರು. ಎಲ್ಲರಿಗೂ ನಿರಾಳ. ಆದರೂ ಹೋಗುವ ಮುಂಚೆ ಇನ್ನೊಂದು ಹನಿ ರಕ್ತವನ್ನು ಗಾಜಿನ ಸ್ಲೈಡ್ ಮೇಲೆ ಸವರಿಕೊಂಡು ಹೋದರು. "ಅದು ಯಾಕೆ, ಟೆಸ್ಟ್ ಆಯ್ತಲ್ಲ?" ಅಂತ ಕೇಳಿದೆ. "ಮಂಗಳೂರಿಂದ ಬಂದವನಲ್ವಾ, ಲ್ಯಾಬಲ್ಲೂ ಒಂದ್ಸಲ ನೋಡ್ಲಿ" ಅಂದರು.

ಆ ಎರಡನೇ ಹನಿ ರಕ್ತದ ಬಗ್ಗೆಯೇ ಈ ಲೇಖನ. ಏಕೆಂದರೆ ಜಗತ್ತಿನ ಕೆಲವು ಕಡೆ ಆ ಪ್ಲಾಸ್ಟಿಕ್ ಕಿಟ್‌ನ ಕಣ್ಣು ತಪ್ಪಿಸುವಂತೆ ಮಲೇರಿಯಾದ ಪರಾವಲಂಬಿ ಬದಲಾಗಿದೆ. ಭಾರತದಲ್ಲೂ ಅದು ಪತ್ತೆಯಾಗಿದೆ. ಮಲೇರಿಯಾ ಕಡಿಮೆಯಾಗುತ್ತಿರುವ ನಮ್ಮಂಥ ಊರುಗಳಲ್ಲಿ ಆ ಎರಡನೇ ಹನಿ ತೆಗೆಯುವ, ಅದನ್ನು ನೋಡುವ ಅಭ್ಯಾಸವೇ ಮೊದಲು ಮರೆಯಾಗುವುದು.

ಕಿಟ್ ಹುಡುಕುವುದು ಏನನ್ನು?

ಮೊದಲು ಈ ಕಿಟ್ ಹೇಗೆ ಕೆಲಸ ಮಾಡುತ್ತದೆ ಅಂತ ನೋಡೋಣ. ಅದು ಪರಾವಲಂಬಿಯನ್ನು ನೋಡುವುದಿಲ್ಲ. ಪರಾವಲಂಬಿ ರಕ್ತಕ್ಕೆ ಬಿಡುವ ಪ್ರೋಟೀನನ್ನು ಹುಡುಕುತ್ತದೆ. ನಮ್ಮಲ್ಲಿ ಮುಖ್ಯವಾಗಿ ಕಾಣಿಸುವ ಮಲೇರಿಯಾ ಎರಡು ಬಗೆ: ವೈವಾಕ್ಸ್ ಮತ್ತು ಫಾಲ್ಸಿಪಾರಮ್. ವೈವಾಕ್ಸ್ ಕಾಡಿಸುತ್ತದೆ, ಗುಣವಾದ ಮೇಲೂ ತಿಂಗಳುಗಟ್ಟಲೆ ಬಿಟ್ಟು ಮತ್ತೆ ಬರುತ್ತದೆ. ಫಾಲ್ಸಿಪಾರಮ್ ಮಿದುಳಿಗೆ, ಮೂತ್ರಪಿಂಡಕ್ಕೆ ಏರಿ ಜೀವವನ್ನೇ ತೆಗೆಯಬಲ್ಲದು. ಫಾಲ್ಸಿಪಾರಮ್ ಇದೆಯೇ ಅಂತ ತಿಳಿಯಲು ಹೆಚ್ಚಿನ ಕಿಟ್‌ಗಳು ಹುಡುಕುವುದು ಎಚ್‌ಆರ್‌ಪಿ2 ಎಂಬ ಒಂದೇ ಪ್ರೋಟೀನನ್ನು. ಇದು ರಕ್ತದಲ್ಲಿ ಧಾರಾಳವಾಗಿ ಇರುತ್ತದೆ, ಬಿಸಿಲಿಗೆ ಬೇಗ ಕೆಡುವುದಿಲ್ಲ, ಸುಲಭವಾಗಿ ಸಿಗುತ್ತದೆ. ಹಾಗಾಗಿ ಕಿಟ್ ತಯಾರಿಸುವವರಿಗೆ ಇದು ಅಚ್ಚುಮೆಚ್ಚು.

ಭಾರತದ ಮಲೇರಿಯಾ ಕಾರ್ಯಕ್ರಮ 2013ರಿಂದ ಬಳಸುತ್ತಿರುವ ಕಿಟ್‌ನಲ್ಲಿ ಮೂರು ಗೆರೆಗಳಿಗೆ ಜಾಗ ಇದೆ. ಒಂದು ಫಾಲ್ಸಿಪಾರಮ್‌ಗೆ, ಒಂದು ವೈವಾಕ್ಸ್‌ಗೆ, ಇನ್ನೊಂದು ಕಂಟ್ರೋಲ್ ಗೆರೆ. ಈ ಕಂಟ್ರೋಲ್ ಗೆರೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಅದು ಮೂಡಿದರೆ ರಿಸಲ್ಟ್ ಸರಿ ಅಂತ ನಾವು ಅಂದುಕೊಳ್ಳುತ್ತೇವೆ. ಆ ಗೆರೆ ಹೇಳುವುದು ಇಷ್ಟೇ: ದ್ರಾವಣ ಪಟ್ಟಿಯ ಉದ್ದಕ್ಕೂ ಸರಿಯಾಗಿ ಹರಿದಿದೆ. ಪರಾವಲಂಬಿ ಆ ಪ್ರೋಟೀನನ್ನು ತಯಾರಿಸುತ್ತಲೇ ಇದೆಯೇ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.

ಸಮಸ್ಯೆ ಶುರುವಾಗುವುದು ಇಲ್ಲೇ. ಎಚ್‌ಆರ್‌ಪಿ2 ಇಲ್ಲದೆಯೂ ಫಾಲ್ಸಿಪಾರಮ್ ಬದುಕಬಲ್ಲದು. ಈ ಪ್ರೋಟೀನಿನ ಜೀನ್ ಇರುವುದು ಅದರ 8ನೇ ಕ್ರೋಮೋಸೋಮಿನ ತುದಿಯ ಹತ್ತಿರ. ಇದನ್ನೇ ಹೋಲುವ ಎಚ್‌ಆರ್‌ಪಿ3 ಎಂಬ ಇನ್ನೊಂದು ಜೀನ್ 13ನೇ ಕ್ರೋಮೋಸೋಮಿನಲ್ಲಿದೆ. ಕ್ರೋಮೋಸೋಮಿನ ತುದಿಗಳು ಸುಲಭವಾಗಿ ತುಂಡಾಗುವ ಜಾಗ. ಹಾಗೆ ತುಂಡಾಗಿ ಜೀನ್ ಕಳೆದುಹೋದರೂ ಪರಾವಲಂಬಿ ರಕ್ತಕಣಗಳನ್ನು ತಿಂದು ಬೆಳೆಯುತ್ತದೆ, ಸೊಳ್ಳೆಗೆ ದಾಟುತ್ತದೆ, ರೋಗಿಗೆ ಜ್ವರ ಬರಿಸುತ್ತದೆ. ಕಿಟ್‌ಗೆ ಮಾತ್ರ ಕಾಣಿಸುವುದಿಲ್ಲ.

ಪೆರುವಿನಿಂದ ಎರಿಟ್ರಿಯಾಕ್ಕೆ, ಅಲ್ಲಿಂದ ಇಲ್ಲಿಗೆ

ಇದು ಮೊದಲು ಬೆಳಕಿಗೆ ಬಂದದ್ದು 2010ರಲ್ಲಿ, ಪೆರು ದೇಶದ ಅಮೆಜಾನ್ ಪ್ರದೇಶದ ಅಧ್ಯಯನದಿಂದ. ಅಲ್ಲಿ ಪರೀಕ್ಷಿಸಿದ 148 ಫಾಲ್ಸಿಪಾರಮ್ ಮಾದರಿಗಳಲ್ಲಿ ಶೇ. 41ರಷ್ಟರಲ್ಲಿ ಎಚ್‌ಆರ್‌ಪಿ2 ಜೀನ್ ಇರಲೇ ಇಲ್ಲ. ಆಗ ಹಲವರು ಇದು ದೂರದ ಕಾಡಿನ ವಿಚಿತ್ರ ಅಂದುಕೊಂಡರು.

2016ರ ಹೊತ್ತಿಗೆ ಆಫ್ರಿಕಾದ ಎರಿಟ್ರಿಯಾದಲ್ಲಿ ವೈದ್ಯರಿಗೆ ಒಂದು ವಿಚಿತ್ರ ಎದುರಾಯಿತು. ಸೂಕ್ಷ್ಮದರ್ಶಕದಲ್ಲಿ ಪರಾವಲಂಬಿ ಕಣ್ಣಿಗೆ ಕಾಣುತ್ತಿದೆ, ಕಿಟ್ ಮಾತ್ರ ನೆಗೆಟಿವ್. ಎರಡು ಆಸ್ಪತ್ರೆಗಳ 50 ರೋಗಿಗಳ ರಕ್ತವನ್ನು ಪರೀಕ್ಷಿಸಿದಾಗ ಒಂದು ಆಸ್ಪತ್ರೆಯಲ್ಲಿ ಶೇ. 80ಕ್ಕೂ ಹೆಚ್ಚು, ಇನ್ನೊಂದರಲ್ಲಿ ಶೇ. 40ಕ್ಕೂ ಹೆಚ್ಚು ಮಾದರಿಗಳಲ್ಲಿ ಆ ಜೀನ್ ಮಾಯವಾಗಿತ್ತು. ದೇಶ ಅದೇ ವರ್ಷ ಕಿಟ್ ಬದಲಿಸಿತು. ಗಮನಿಸಬೇಕಾದ್ದು ಏನಂದರೆ, ಅಲ್ಲಿ ಅನುಮಾನ ಹುಟ್ಟಿಸಿದ್ದು ಜೀನ್ ಪರೀಕ್ಷೆಯ ಯಂತ್ರ ಅಲ್ಲ, ಸ್ಲೈಡ್ ನೋಡುವ ಲ್ಯಾಬ್ ಸಿಬ್ಬಂದಿ ಇನ್ನೂ ಕೆಲಸದಲ್ಲಿದ್ದದ್ದು.

ಪಕ್ಕದ ಇಥಿಯೋಪಿಯಾದಲ್ಲಿ 12 ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಜೀನ್ ಕಳೆದುಹೋದದ್ದರಿಂದಲೇ ಎಚ್‌ಆರ್‌ಪಿ2 ಕಿಟ್‌ಗಳು ಸುಮಾರು ಶೇ. 9.7 ಫಾಲ್ಸಿಪಾರಮ್ ಪ್ರಕರಣಗಳನ್ನು ಬಿಟ್ಟುಬಿಡುತ್ತವೆ ಎಂಬುದು ಅದರ ಅಂದಾಜು.

ಹಾಗಾದರೆ ಭಾರತ? ಛತ್ತೀಸ್‌ಗಢದ ಮಾದರಿಗಳಲ್ಲಿ ಈ ಜೀನ್ ಇಲ್ಲದ ಪರಾವಲಂಬಿಗಳು ಸಿಕ್ಕಿದ್ದು 2013ರಲ್ಲೇ ವರದಿಯಾಗಿತ್ತು. 2016ರಲ್ಲಿ ದೊಡ್ಡ ಅಧ್ಯಯನವೊಂದು ಹೊರಬಂತು. ಒಡಿಶಾ, ಛತ್ತೀಸ್‌ಗಢ, ಜಾರ್ಖಂಡ್, ಮಧ್ಯಪ್ರದೇಶ ಸೇರಿದಂತೆ ಮಲೇರಿಯಾ ಹೆಚ್ಚಿರುವ ಎಂಟು ರಾಜ್ಯಗಳ 1,521 ಫಾಲ್ಸಿಪಾರಮ್ ಮಾದರಿಗಳಲ್ಲಿ 36ರಲ್ಲಿ, ಅಂದರೆ ಶೇ. 2.4ರಲ್ಲಿ, ಎಚ್‌ಆರ್‌ಪಿ2 ಜೀನ್ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಈ ಕಾರಣಕ್ಕೆ ತಪ್ಪಿಹೋಗುವ ಪ್ರಕರಣಗಳು ಶೇ. 5 ದಾಟಿದರೆ ಕಿಟ್ ಬದಲಿಸಬೇಕು. ನಾವು ಆ ಗೆರೆಯ ಕೆಳಗಿದ್ದೆವು.

ಆ ಎಂಟು ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಇಲ್ಲದ್ದಕ್ಕೆ ಒಳ್ಳೆಯ ಕಾರಣವೇ ಇದೆ, ನಮ್ಮಲ್ಲಿ ಮಲೇರಿಯಾ ಅಷ್ಟಿಲ್ಲ. ಆದರೆ ಆ ರಾಜ್ಯಗಳಿಂದ ಕರಾವಳಿಯ ಕಟ್ಟಡಗಳಿಗೆ ದುಡಿಯಲು ಬರುವವರು ಸಾವಿರಾರು ಮಂದಿ. ಮಂಗಳೂರಿನ ಮಲೇರಿಯಾದ ಕಥೆಯೇ 1990ರ ದಶಕದಿಂದ ಎದ್ದ ಕಟ್ಟಡಗಳ ಕಥೆ. ನಿಂತ ನೀರು, ಸೊಳ್ಳೆ, ಸೊಳ್ಳೆಪರದೆ ಇಲ್ಲದ ಕಾರ್ಮಿಕರ ಶೆಡ್. ವರ್ಷಗಟ್ಟಲೆ ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ಆ ಒಂದು ಜಿಲ್ಲೆಯದ್ದೇ. ಅದರಲ್ಲಿ ಹೆಚ್ಚಿನದು ವೈವಾಕ್ಸ್, ಫಾಲ್ಸಿಪಾರಮ್ ಕಡಿಮೆ. ಮಂಗಳೂರಿನಿಂದ ಉಡುಪಿ, ಹೆಬ್ರಿ, ಆಗುಂಬೆ ಘಾಟಿ ಹತ್ತಿದರೆ ಮುಂದೆ ಮೇಗರವಳ್ಳಿ, ಆಮೇಲೆ ತೀರ್ಥಹಳ್ಳಿ. ಒಂದೇ ದಾರಿ. ನಮ್ಮ ಜನ ಆಸ್ಪತ್ರೆಗೆ ಮಣಿಪಾಲಕ್ಕೆ ಇಳಿಯುತ್ತಾರೆ, ಕೆಲಸಕ್ಕೆ ಮಂಗಳೂರಿಗೆ ಹೋಗುತ್ತಾರೆ. ಹೋಗಿಬರುವ ದಾರಿಯಲ್ಲಿ ರೋಗವೂ ಬರುತ್ತದೆ. ಇದು ವಲಸೆ ಕಾರ್ಮಿಕರ ಮೇಲೆ ಬೆರಳು ತೋರಿಸುವ ಮಾತಲ್ಲ. ಮೊದಲು ಕಾಯಿಲೆ ಬೀಳುವವರು, ಕಿಟ್ ತಪ್ಪಿದರೆ ಮೊದಲು ಸಾಯುವವರು ಅವರೇ.

ಟೆಸ್ಟ್ ಮಾಡುವುದೂ ಒಂದು ಆಯ್ಕೆ

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ ಸಂಗತಿ. ಪರಾವಲಂಬಿ ಹೀಗೆ ಬದಲಾಗಲು ನಾವೇ ಸಹಾಯ ಮಾಡುತ್ತಿದ್ದೇವೆ.

ಲೆಕ್ಕ ಸರಳ. ಊರಿನಲ್ಲಿ ಎರಡು ಬಗೆಯ ಫಾಲ್ಸಿಪಾರಮ್ ಇದೆ ಅಂತಿಟ್ಟುಕೊಳ್ಳಿ. ಒಂದರಲ್ಲಿ ಜೀನ್ ಇದೆ, ಇನ್ನೊಂದರಲ್ಲಿ ಇಲ್ಲ. ಜ್ವರ ಬಂದ ಎಲ್ಲರಿಗೂ ಕಿಟ್‌ನಿಂದ ಪರೀಕ್ಷೆ, ಪಾಸಿಟಿವ್ ಬಂದವರಿಗೆ ಮಾತ್ರ ಔಷಧಿ. ಜೀನ್ ಇರುವ ಬಗೆ ಸಿಕ್ಕಿಬಿದ್ದು ಸಾಯುತ್ತದೆ. ಇಲ್ಲದ ಬಗೆ ನೆಗೆಟಿವ್ ಸರ್ಟಿಫಿಕೇಟ್ ಹಿಡಿದು ರೋಗಿಯ ರಕ್ತದಲ್ಲಿ ಉಳಿಯುತ್ತದೆ, ಸೊಳ್ಳೆಗೆ ದಾಟುತ್ತದೆ. ಪ್ರತಿ ಸುತ್ತಿನಲ್ಲೂ ಎರಡನೆಯದರ ಪಾಲು ಏರುತ್ತದೆ. ಇಥಿಯೋಪಿಯಾದ ಅಧ್ಯಯನದಲ್ಲಿ ಇಂಥ ಆಯ್ಕೆ ನಡೆದಿರುವ ಗುರುತು ಪರಾವಲಂಬಿಯ ಜೀನುಗಳಲ್ಲೇ ಸಿಕ್ಕಿದೆ.

ಮಲೇರಿಯಾ ಹೆಚ್ಚಿರುವ ಕಡೆಗಿಂತ ಕಡಿಮೆ ಇರುವ ಕಡೆ ಇದು ಬೇಗ ಆಗಬಹುದು. ಹೆಚ್ಚಿರುವ ಕಡೆ ಒಬ್ಬನ ರಕ್ತದಲ್ಲೇ ಮೂರ್ನಾಲ್ಕು ತಳಿಗಳು ಇರುತ್ತವೆ. ಒಂದರಲ್ಲಿ ಜೀನ್ ಇಲ್ಲದಿದ್ದರೂ ಇನ್ನೊಂದರಿಂದ ಕಿಟ್‌ನಲ್ಲಿ ಗೆರೆ ಮೂಡುತ್ತದೆ, ಔಷಧಿ ಎರಡನ್ನೂ ಕೊಲ್ಲುತ್ತದೆ. ಕಡಿಮೆ ಇರುವ ಕಡೆ ಸಾಮಾನ್ಯವಾಗಿ ಒಬ್ಬನಲ್ಲಿ ಒಂದೇ ತಳಿ. ಅದರಲ್ಲಿ ಜೀನ್ ಇಲ್ಲ ಅಂದರೆ ಅದನ್ನು ಹಿಡಿದುಕೊಡುವವರು ಯಾರೂ ಇಲ್ಲ. ಅಂದರೆ ನಿರ್ಮೂಲನೆಗೆ ಹತ್ತಿರವಾದ ಊರುಗಳೇ ಈ ಮೋಸಕ್ಕೆ ಹೆಚ್ಚು ತೆರೆದುಕೊಂಡಿವೆ.

ಇನ್ನೊಂದು ಅಪಾಯವೂ ಇದೆ. ಒಬ್ಬನಿಗೆ ವೈವಾಕ್ಸ್ ಮತ್ತು ಜೀನ್ ಇಲ್ಲದ ಫಾಲ್ಸಿಪಾರಮ್ ಎರಡೂ ಇದ್ದರೆ ಕಿಟ್ ವೈವಾಕ್ಸ್ ಗೆರೆಯನ್ನಷ್ಟೇ ತೋರಿಸುತ್ತದೆ. ವೈವಾಕ್ಸ್‌ಗೆ ಕೊಡುವುದು ಕ್ಲೋರೋಕ್ವಿನ್. ಭಾರತದ ಫಾಲ್ಸಿಪಾರಮ್ ಅದಕ್ಕೆ ಜಗ್ಗುವುದನ್ನು ಬಿಟ್ಟು ದಶಕಗಳಾಗಿವೆ. ರೋಗಿ ಮಾತ್ರೆ ನುಂಗುತ್ತಾನೆ, ಕೊಲ್ಲುವ ರೋಗ ಒಳಗೇ ಉಳಿಯುತ್ತದೆ.

ಸೊನ್ನೆಯ ಇತಿಹಾಸ ನಮಗೆ ಗೊತ್ತಿದೆ

ಮಲೆನಾಡಿಗೆ ಚಳಿಜ್ವರ ಹೊಸದಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಮಲೆನಾಡಿನ ಜನಸಂಖ್ಯೆ ಕುಗ್ಗುತ್ತಿರುವುದನ್ನು ಜನಗಣತಿ ವರದಿಗಳೇ ದಾಖಲಿಸಿದ್ದವು, ಅದಕ್ಕೆ ಮಲೇರಿಯಾವನ್ನು ಮುಖ್ಯ ಕಾರಣ ಎಂದು ಗುರುತಿಸಲಾಗಿತ್ತು. 1920ರ ದಶಕದ ಕೊನೆಯಲ್ಲಿ ರಾಕ್‌ಫೆಲರ್ ಫೌಂಡೇಶನ್ ನೆರವಿನಿಂದ ಮೂಡಿಗೆರೆ, ಹಿರಿಯೂರು, ನಾಗೇನಹಳ್ಳಿಗಳಲ್ಲಿ ಮಲೇರಿಯಾ ಅಧ್ಯಯನ ಕೇಂದ್ರಗಳು ನಡೆದವು.

ಸ್ವಾತಂತ್ರ್ಯದ ನಂತರ ಡಿಡಿಟಿ ಬಂತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ಅದೇ ನಿರ್ಮೂಲನಾ ಕಾರ್ಯಕ್ರಮ. 1965ರ ಹೊತ್ತಿಗೆ ಇಡೀ ದೇಶದಲ್ಲಿ ಸುಮಾರು ಒಂದು ಲಕ್ಷ ಪ್ರಕರಣ, ಸಾವು ಸೊನ್ನೆ ಅಂತ ದಾಖಲಾಯಿತು. ಗೆದ್ದೆವು ಅಂದುಕೊಂಡೆವು. ಸೊಳ್ಳೆ ಡಿಡಿಟಿಗೆ ಒಗ್ಗಿಕೊಂಡಿತು. 1973ರಲ್ಲಿ ಅಸ್ಸಾಂನಲ್ಲಿ ಕ್ಲೋರೋಕ್ವಿನ್‌ಗೆ ಬಗ್ಗದ ಫಾಲ್ಸಿಪಾರಮ್ ಕಾಣಿಸಿತು. ನಿಗಾ ಸಡಿಲವಾಯಿತು. 1976ರಲ್ಲಿ ಪ್ರಕರಣಗಳು 64 ಲಕ್ಷ.

ಮೊದಲು ಕೀಟನಾಶಕ, ಆಮೇಲೆ ಔಷಧಿ, ಈಗ ಟೆಸ್ಟ್ ಕಿಟ್. ನಾವು ಒಂದೇ ಸಾಧನವನ್ನು ನೆಚ್ಚಿ ಕೂತಾಗಲೆಲ್ಲ ಎದುರಿನದು ಅದನ್ನು ದಾಟುವ ದಾರಿ ಹುಡುಕಿದೆ. ಎಂಜಿನಿಯರಿಂಗ್ ಓದುವಾಗ ಮೇಷ್ಟ್ರೊಬ್ಬರು ಹೇಳುತ್ತಿದ್ದರು: ಸೆನ್ಸರ್ ಸೊನ್ನೆ ತೋರಿಸಿದರೆ ಎರಡು ಅರ್ಥ, ಅಳೆಯಬೇಕಾದದ್ದು ಅಲ್ಲಿಲ್ಲ ಅಥವಾ ಸೆನ್ಸರ್ ಕೆಟ್ಟಿದೆ. ಯಾವುದು ಅಂತ ಗೊತ್ತಾಗಬೇಕಾದರೆ ಇನ್ನೊಂದು ಸೆನ್ಸರ್ ಬೇಕು.

ಈ ಪಾಠವನ್ನು ಶಿವಮೊಗ್ಗ ಜಿಲ್ಲೆಗೆ ಬಿಡಿಸಿ ಹೇಳಬೇಕಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ನಮ್ಮಲ್ಲಿ ದಶಕಗಳ ಕಾಲ ಲಸಿಕೆ ಹಾಕಿದರು. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡು ಸುತ್ತಮುತ್ತ ಆ ಕಾಯಿಲೆಗೆ ಜನ ಸತ್ತರು. ಲಸಿಕೆ ನಿರೀಕ್ಷಿಸಿದಷ್ಟು ಪರಿಣಾಮಕಾರಿ ಅಲ್ಲ ಅಂತ ಅದನ್ನು ನಿಲ್ಲಿಸಿದ್ದು 2022ರಲ್ಲಿ. ಸಾಧನವನ್ನು ಜನರ ಕೈಗೆ ಕೊಟ್ಟ ಮೇಲೆ ಅದು ಈಗಲೂ ಕೆಲಸ ಮಾಡುತ್ತಿದೆಯೇ ಅಂತ ಕೇಳುತ್ತಲೇ ಇರಬೇಕು. ಕೇಳದಿದ್ದರೆ ಉತ್ತರ ಜನರ ಮೈಮೇಲೆ ಬರುತ್ತದೆ.

ಹಾಗಂತ ಕಿಟ್ ಬೇಡವೇ?

ಬೇಕು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಇಂಥ ಸುದ್ದಿ ವಾಟ್ಸ್ಆ್ಯಪ್‌ಗೆ ಬಂದರೆ "ಟೆಸ್ಟ್ ಎಲ್ಲ ಮೋಸ" ಅಂತ ಆಗುವುದಕ್ಕೆ ಒಂದು ದಿನ ಸಾಕು. ಕರೆಂಟ್ ಇಲ್ಲದ ಕಡೆ, ಲ್ಯಾಬ್ ಇಲ್ಲದ ಕಡೆ ಇಪ್ಪತ್ತು ನಿಮಿಷದಲ್ಲಿ ರೋಗ ಪತ್ತೆ ಮಾಡಲು ಆಶಾ ಕಾರ್ಯಕರ್ತೆಗೆ ಸಾಧ್ಯವಾದದ್ದು ಇದರಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಭಾರತದ ಮಲೇರಿಯಾ ಪ್ರಕರಣಗಳು 2017ರಲ್ಲಿ 64 ಲಕ್ಷ ಇದ್ದದ್ದು 2023ಕ್ಕೆ 20 ಲಕ್ಷಕ್ಕೆ ಇಳಿದವು. ಅದರಲ್ಲಿ ಈ ಕಿಟ್‌ನ ಪಾಲೂ ಇದೆ.

ನೆಗೆಟಿವ್ ಬಂದ ಪ್ರತಿ ಜ್ವರವೂ ಜೀನ್ ಕಳೆದುಕೊಂಡ ಮಲೇರಿಯಾ ಅಲ್ಲ. ಮಲೆನಾಡಿನ ಮಳೆಗಾಲದ ಜ್ವರ ಡೆಂಗಿ ಇರಬಹುದು, ಇಲಿ ಜ್ವರ ಇರಬಹುದು. ಕಿಟ್ ತಪ್ಪುವುದಕ್ಕೂ ಬೇರೆ ಕಾರಣಗಳಿವೆ: ರಕ್ತದಲ್ಲಿ ಪರಾವಲಂಬಿ ತೀರಾ ಕಡಿಮೆ ಇರುವುದು, ಕಿಟ್ ಬಿಸಿಯಲ್ಲಿ ಕೆಟ್ಟಿರುವುದು, ಅವಧಿ ಮುಗಿದಿರುವುದು. ಪಾಸಿಟಿವ್ ಬಂದದ್ದು ತಪ್ಪಾಗುವುದೂ ಉಂಟು. ಗುಣವಾದ ಮೇಲೂ ಎಚ್‌ಆರ್‌ಪಿ2 ವಾರಗಟ್ಟಲೆ ರಕ್ತದಲ್ಲಿ ಉಳಿಯುವುದೇ ಅದಕ್ಕೆ ಕಾರಣ. ಆದ್ದರಿಂದಲೇ ಊಹೆ ಬಿಟ್ಟು ಪರೀಕ್ಷಿಸಿ ನೋಡಬೇಕು ಅನ್ನುವುದು.

ಕೇಳಬೇಕಾದದ್ದು ಏನು?

ದೇಶದ ಗುರಿ 2027ರೊಳಗೆ ಸ್ಥಳೀಯ ಮಲೇರಿಯಾವನ್ನು ಸೊನ್ನೆಗೆ ತರುವುದು, 2030ಕ್ಕೆ ನಿರ್ಮೂಲನೆ. ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಡಬೇಕಾದರೆ ಕನಿಷ್ಠ ಮೂರು ವರ್ಷ ಸತತವಾಗಿ ಸೊನ್ನೆ ಇರಬೇಕು. ಗುರಿ ಹತ್ತಿರ ಬಂದಂತೆಲ್ಲ ಪ್ರತಿ ಜಿಲ್ಲೆಗೂ ಸೊನ್ನೆ ತೋರಿಸುವ ಒತ್ತಡ ಬೀಳುತ್ತದೆ. ಆಗ ಒಂದೇ ಗೆರೆಯ ಕಿಟ್ ಎಲ್ಲರಿಗೂ ಹಿತ. ರೋಗಿಗೆ ನಿರಾಳ, ಅಧಿಕಾರಿಗೆ ನಿರಾಳ, ಮಂತ್ರಿಗಳಿಗೆ ಭಾಷಣ. ಹುಡುಕಿದರೂ ಸಿಗದ ಸೊನ್ನೆಗೂ ಹುಡುಕದೆಯೇ ಬಂದ ಸೊನ್ನೆಗೂ ವ್ಯತ್ಯಾಸ ಇದೆ, ಅಂಕಿಅಂಶದ ಪಟ್ಟಿಯಲ್ಲಿ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ.

ನಮ್ಮ ಶಾಸಕರಿಗೆ, ಜಿಲ್ಲಾ ಆರೋಗ್ಯ ಇಲಾಖೆಗೆ ನಾವು ಕೇಳಬಹುದಾದ ಪ್ರಶ್ನೆಗಳು ದೊಡ್ಡ ವಿಜ್ಞಾನದವೇನಲ್ಲ.

ಒಂದು, ನಮ್ಮ ಪಿಎಚ್‌ಸಿಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಹುದ್ದೆ ಭರ್ತಿಯಾಗಿದೆಯೇ? ಸ್ಲೈಡ್ ಓದುವುದು ಕೈಗೆ ಕಣ್ಣಿಗೆ ಹತ್ತುವ ಕಸುಬು. ವರ್ಷಕ್ಕೆ ಒಂದು ಪಾಸಿಟಿವ್ ಸ್ಲೈಡೂ ನೋಡದವರಿಗೆ ಅದು ಮರೆತುಹೋಗುತ್ತದೆ. ಮಲೇರಿಯಾ ಇಲ್ಲದ ತಾಲೂಕಿನ ಸಿಬ್ಬಂದಿಗೇ ಮತ್ತೆ ಮತ್ತೆ ತರಬೇತಿ ಬೇಕು.

ಎರಡು, ಕಿಟ್ ನೆಗೆಟಿವ್ ಆದರೂ ಜ್ವರ ಇಳಿಯದ, ಮಲೇರಿಯಾ ಇರುವ ಕಡೆಯಿಂದ ಬಂದ ರೋಗಿಯ ಸ್ಲೈಡ್ ಕಡ್ಡಾಯವಾಗಿ ನೋಡುತ್ತಾರೆಯೇ? ಕಿಟ್ ನೆಗೆಟಿವ್, ಸ್ಲೈಡ್ ಪಾಸಿಟಿವ್ ಆದ ಪ್ರಕರಣಗಳನ್ನು ಬೇರೆಯಾಗಿ ಬರೆದಿಡುತ್ತಾರೆಯೇ? ಎರಿಟ್ರಿಯಾದಲ್ಲಿ ಎಚ್ಚರಿಕೆ ಬಂದದ್ದು ಇಂಥ ಪ್ರಕರಣಗಳಿಂದಲೇ.

ಮೂರು, ರಾಜ್ಯದಲ್ಲಿ ಸಿಗುವ ಪ್ರತಿ ಫಾಲ್ಸಿಪಾರಮ್ ಪ್ರಕರಣದಲ್ಲೂ ಒಂದು ಹನಿ ರಕ್ತವನ್ನು ಫಿಲ್ಟರ್ ಕಾಗದದ ಮೇಲೆ ಒಣಗಿಸಿ ಜೀನ್ ಪರೀಕ್ಷೆಗೆ ಕಳಿಸಬಹುದಲ್ಲ? ಒಡಿಶಾಕ್ಕೆ ಇದು ಹೊರೆ, ನಮಗೆ ಅಲ್ಲ. ಸಂಖ್ಯೆ ಕಡಿಮೆ ಇರುವುದೇ ನಮ್ಮ ಅನುಕೂಲ. ಬೇಕಾದ ತಜ್ಞರೂ ದೂರ ಇಲ್ಲ. ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆಯ ಘಟಕ ಬೆಂಗಳೂರಿನಲ್ಲಿದೆ. ನಮ್ಮದೇ ಜಿಲ್ಲೆಯ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದವರು ಮಂಗಳೂರಿನ ಮಲೇರಿಯಾದ ಮೇಲೆ ಸಂಶೋಧನೆ ಮಾಡಿದ್ದಾರೆ. ಮಂಗಳೂರಿನಲ್ಲಿ 2015ರಿಂದ ಟ್ಯಾಬ್ ಹಿಡಿದು ಪ್ರತಿ ಪ್ರಕರಣವನ್ನು ನಕ್ಷೆಯ ಮೇಲೆ ಗುರುತಿಸಿ ಬೆನ್ನು ಹತ್ತುವ ವ್ಯವಸ್ಥೆ ಇತ್ತು. ಆ ದಾಖಲೆಗೆ ಇನ್ನೊಂದು ಕಾಲಂ ಸೇರಿಸುವುದು ಎಷ್ಟರ ಕೆಲಸ?

ನಾಲ್ಕು, ಮುಂದಿನ ಖರೀದಿಯಲ್ಲಿ ಒಂದೇ ಪ್ರೋಟೀನಿಗೆ ಜೋತುಬೀಳದ ಕಿಟ್ ಬಗ್ಗೆ ಯೋಚಿಸಿದ್ದಾರೆಯೇ? ಪಿಎಲ್‌ಡಿಎಚ್ ಎಂಬ ಇನ್ನೊಂದು ಪ್ರೋಟೀನ್ ಇದೆ. ಪರಾವಲಂಬಿ ಶಕ್ತಿ ಪಡೆಯಲು ಅದು ಬೇಕೇ ಬೇಕು, ಬಿಟ್ಟು ಬದುಕಲಾರದು. ಅದನ್ನು ಹುಡುಕುವ ಕಿಟ್‌ಗಳು ಬಿಸಿಗೆ ಬೇಗ ಕೆಡುತ್ತವೆ, ಪರಾವಲಂಬಿ ಕಡಿಮೆ ಇದ್ದಾಗ ತಪ್ಪುವುದೂ ಹೆಚ್ಚು. ಎರಡನ್ನೂ ಹುಡುಕುವ ಕಿಟ್ ಆದರೆ ಒಂದು ತಪ್ಪಿದ್ದು ಇನ್ನೊಂದಕ್ಕೆ ಸಿಗುತ್ತದೆ.

ಐದು, ಈ ಎಲ್ಲದರ ಫಲಿತಾಂಶ ಸಾರ್ವಜನಿಕರಿಗೆ ಸಿಗುತ್ತದೆಯೇ? ಹುಡುಕಿ, ಏನೂ ಸಿಗದಿದ್ದರೆ ಅದೇ ದೊಡ್ಡ ಸುದ್ದಿ. ಸಿಗಲಿಲ್ಲ ಅಂತ ಹೇಳಲಿ, ಎಷ್ಟು ಮಾದರಿ ನೋಡಿದೆವು ಅಂತಲೂ ಹೇಳಲಿ.

ಆ ಹುಡುಗನ ಸ್ಲೈಡ್ ಕೂಡ ನೆಗೆಟಿವ್ ಬಂತು. ಅದು ಮಾಮೂಲಿ ವೈರಲ್ ಜ್ವರ, ವಾರದಲ್ಲಿ ಎದ್ದು ಕೆಲಸಕ್ಕೆ ಹೋದ. ಆದರೆ ಅವತ್ತು "ಮಲೇರಿಯಾ ಅಲ್ಲ" ಅಂತ ನಾವು ನಂಬಿದ್ದಕ್ಕೆ ಆಧಾರ ಇತ್ತು: ಕಿಟ್ ಇಲ್ಲ ಅಂದಿತ್ತು, ಲ್ಯಾಬಿನಲ್ಲಿ ಕೂತು ಕಣ್ಣಿಟ್ಟು ನೋಡಿದವರೂ ಇಲ್ಲ ಅಂದಿದ್ದರು. ಮುಂದಿನ ಮಳೆಗಾಲಕ್ಕೆ ಕಿಟ್ ಇದ್ದೇ ಇರುತ್ತದೆ. ಲ್ಯಾಬಿನ ಆ ಕುರ್ಚಿಯಲ್ಲಿ ಯಾರಾದರೂ ಇರುತ್ತಾರೆಯೇ ಅಂತ ಈಗಲೇ ಹೋಗಿ ಕೇಳಿ.